ಮೈ ತಾನಾಗಿ ಚಲಿಸುವವರೆಗೆ ಕಾಯುವುದು

ಮೊದಲೇ ಗೊತ್ತುಮಾಡಿಕೊಳ್ಳದ ಚಲನೆಯ ಮೂಲಕ ತನ್ನನ್ನು ತಾನು ಅರಿಯಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಎದ್ದು ನಿಂತ ಕೂಡಲೇ ಕೈಕಾಲು ಬೀಸಲು ತೊಡಗುತ್ತಾರೆ. ದಾರಿ ತಪ್ಪುವುದು ಅಲ್ಲಿಯೇ. ಈ ಅಭ್ಯಾಸದಲ್ಲಿ ಮುಕ್ಕಾಲು ಪಾಲು ಕಾಯುವ ಕೆಲಸ.

ಇದಕ್ಕೆ ಸ್ಪಷ್ಟವಾದ ರೂಪ ಕೊಟ್ಟವರಲ್ಲಿ ಅಮೆರಿಕದ ನೃತ್ಯಗಾರ್ತಿ ಮೇರಿ ಸ್ಟಾರ್ಕ್ಸ್ ವೈಟ್‌ಹೌಸ್ (1911–1979) ಮೊದಲಿಗರು. ಮೇರಿ ವಿಗ್ಮನ್ ಮತ್ತು ಮಾರ್ಥಾ ಗ್ರಹಾಂ ಅವರಂಥ ದೊಡ್ಡ ಕಲಾವಿದರಲ್ಲಿ ಕಲಿತಿದ್ದ ಅವರು, ಕಾರ್ಲ್ ಯೂಂಗ್ ಅವರ ಮನೋವಿಜ್ಞಾನದ ಪರಿಚಯವಾದ ಮೇಲೆ, 1950ರ ದಶಕದಲ್ಲಿ ಬೇರೆಯೇ ಹಾದಿ ಹಿಡಿದರು. ಮನಸ್ಸಿನಲ್ಲಿ ಚಿತ್ರಗಳು ತಾವಾಗಿ ಮೂಡಲು ಬಿಟ್ಟು, ಎಚ್ಚರ ತಪ್ಪದೆ ಅವುಗಳ ಜೊತೆ ಸಾಗುವ ವಿಧಾನವೊಂದನ್ನು ಯೂಂಗ್ ರೂಪಿಸಿದ್ದರು. ವೈಟ್‌ಹೌಸ್ ಅದನ್ನು ಮೈಯ ಚಲನೆಗೆ ತಂದರು. ನಾನು ಮಾಡುವ ಚಲನೆ ಬೇರೆ, ನನ್ನಲ್ಲಿ ಆಗುವ ಚಲನೆ ಬೇರೆ ಎಂಬುದು ಅವರು ಒತ್ತಿ ಹೇಳಿದ ಮಾತು. ಕನ್ನಡದಲ್ಲಿ ಈ ಭೇದ ಕ್ರಿಯಾಪದದಲ್ಲಿಯೇ ಇದೆ: ‘ಕೈ ಎತ್ತಿದೆನು’ ಎನ್ನುವುದು ಒಂದು, ‘ಕೈ ಎದ್ದಿತು’ ಎನ್ನುವುದು ಇನ್ನೊಂದು. ಇಡೀ ಅಭ್ಯಾಸದಲ್ಲಿ ನೀವು ಹುಡುಕುವುದು ಆ ಎರಡನೆಯದನ್ನು.

ಸಿದ್ಧತೆ ಹೆಚ್ಚೇನೂ ಬೇಕಿಲ್ಲ. ಎರಡೂ ಕೈ ಚಾಚಿ ಸುತ್ತಿದರೆ ಏನೂ ತಗುಲದಷ್ಟು ಜಾಗ, ಬರಿಗಾಲು, ಸಡಿಲವಾದ ಬಟ್ಟೆ, ಮೆಲ್ಲಗೆ ಸದ್ದು ಮಾಡುವ ಗಡಿಯಾರ ಇದ್ದರೆ ಸಾಕು. ಆರಂಭದಲ್ಲಿ ಹತ್ತು ನಿಮಿಷ ಮೀರಬೇಡಿ. ಸಂಗೀತ ಬೇಡ ಎಂಬುದು ನನ್ನ ಖಚಿತವಾದ ಅಭಿಪ್ರಾಯ, ಏಕೆಂದರೆ ತಾಳ ಕಿವಿಗೆ ಬಿದ್ದೊಡನೆ ಮೈ ಅದರ ಆಜ್ಞೆಯನ್ನು ಪಾಲಿಸತೊಡಗಿ, ಒಳಗಿನ ಸಣ್ಣ ಸೆಳೆತಗಳು ಕೇಳಿಸದಂತಾಗುತ್ತವೆ.

ನೆಲದ ಮೇಲೆ ಕುಳಿತು ಅಥವಾ ಮಲಗಿ ಕಣ್ಣು ಮುಚ್ಚಿಕೊಳ್ಳಿ. ಕಣ್ಣು ಮುಚ್ಚಿದಾಗ ದೇಹದ ಸ್ಥಿತಿಯ ಅರಿವಿಗೆ ಸ್ನಾಯು, ಕೀಲು ಮತ್ತು ಒಳಕಿವಿಗಳಿಂದ ಬರುವ ಸೂಚನೆಗಳೇ ಆಧಾರವಾಗುವುದರಿಂದ ಗಮನ ಸಹಜವಾಗಿ ಒಳಕ್ಕೆ ತಿರುಗುತ್ತದೆ; ಅದೇ ಕಾರಣಕ್ಕೆ ಸಮತೋಲವೂ ಸ್ವಲ್ಪ ಕುಗ್ಗುತ್ತದೆ. ಆದ್ದರಿಂದ ಚಲನೆ ವೇಗವಾದಾಗ ಅಥವಾ ಜಾಗ ಬಿಟ್ಟು ಸರಿದಾಗ ಕಣ್ಣನ್ನು ಅರ್ಧ ತೆರೆದಿರಬೇಕು.

ಈಗ ಕಾಯಿರಿ. ಮೈಯ ಭಾರ ಎಲ್ಲಿ ನೆಲಕ್ಕೆ ಇಳಿಯುತ್ತಿದೆ, ಉಸಿರು ಎಲ್ಲಿಯವರೆಗೆ ಹೋಗಿ ಮರಳುತ್ತಿದೆ ಎಂಬುದನ್ನು ಗಮನಿಸಿ, ಆದರೆ ಯಾವುದನ್ನೂ ಸರಿಪಡಿಸಲು ಹೋಗಬೇಡಿ. ಮೊದಲ ಕೆಲವು ನಿಮಿಷ ಬೇಸರ, ನಾಚಿಕೆ, ‘ಏನೂ ಆಗುತ್ತಿಲ್ಲ’ ಎಂಬ ಚಡಪಡಿಕೆ ಬಂದೇ ಬರುತ್ತವೆ. ನನಗೆ ಮೊದಲ ಮೂರು ವಾರ ಅದರ ಹೊರತು ಬೇರೇನೂ ಸಿಗಲಿಲ್ಲ. ಬಳಿಕ ಒಂದು ಬೆಳಿಗ್ಗೆ, ಬಲಗೈಯ ಹೆಬ್ಬೆರಳು ತೋರುಬೆರಳಿನ ಬದಿಯನ್ನು ಒತ್ತಿಹಿಡಿದಿರುವುದು ತಿಳಿಯಿತು. ನಾನು ಅದನ್ನು ಬಿಡಿಸಲಿಲ್ಲ. ಒತ್ತಡ ಹೆಚ್ಚುತ್ತಾ ಹೋಗಿ ಮುಷ್ಟಿಯಾಯಿತು, ಮಣಿಕಟ್ಟು ಒಳಕ್ಕೆ ಮಡಿಯಿತು, ಮೊಣಕೈ ಪಕ್ಕೆಗೆ ಅಂಟಿತು, ಕೊನೆಗೆ ಇಡೀ ಮೈ ಬಲಕ್ಕೆ ಸುರುಳಿಯಾಗಿ ಒರಗಿತು. ಇದಕ್ಕೆಲ್ಲ ನಾಲ್ಕೈದು ನಿಮಿಷ ಹಿಡಿದಿರಬಹುದು. ನೋಡುವವರಿಗೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಆದರೆ ಅದರಲ್ಲಿ ಒಂದು ಎಳೆಯನ್ನೂ ನಾನು ಯೋಚಿಸಿ ಮಾಡಿರಲಿಲ್ಲ.

ಇಂಥ ಸಣ್ಣ ಸೆಳೆತ ಸಿಕ್ಕಾಗ ಅದನ್ನು ಚಂದಗೊಳಿಸಬಾರದು, ಅವಸರಪಡಿಸಲೂಬಾರದು. ಯೋಗ ಅಥವಾ ನೃತ್ಯ ಕಲಿತವರಿಗೆ ಇದು ಇನ್ನೂ ಕಷ್ಟ, ಏಕೆಂದರೆ ಅರ್ಧದಲ್ಲಿಯೇ ಪರಿಚಿತ ಭಂಗಿಯೊಂದು ಬಂದು ಚಲನೆಯನ್ನು ತನ್ನದಾಗಿಸಿಕೊಂಡುಬಿಡುತ್ತದೆ. ಹಾಗಾದಾಗ ಇದ್ದಲ್ಲಿಯೇ ನಿಂತು, ಮುಂದಿನ ಸೆಳೆತ ಬರುವವರೆಗೆ ಮತ್ತೆ ಕಾಯಿರಿ. ಏನೂ ಬರದಿದ್ದರೆ ಆ ದಿನ ಸುಮ್ಮನಿದ್ದುದೇ ಅಭ್ಯಾಸ.

ಅಳು, ಕೋಪ, ಹಳೆಯ ನೆನಪು ಬರಬಹುದು. ಅವನ್ನು ಕೆದಕಬೇಕಿಲ್ಲ, ತಡೆಯಬೇಕಿಲ್ಲ. ಆದರೆ ಮೈ ಮರಗಟ್ಟಿದಂತೆ ಅಥವಾ ತಾನೆಲ್ಲಿದ್ದೇನೆಂಬುದೇ ಮಸುಕಾದಂತೆ ಅನಿಸಿದರೆ ತಕ್ಷಣ ಕಣ್ಣು ತೆರೆದು, ಅಂಗೈಯನ್ನು ನೆಲಕ್ಕೆ ಒತ್ತಿ, ಎದುರಿಗಿರುವ ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳಿ. ತೀವ್ರ ಆಘಾತವನ್ನು ಅನುಭವಿಸಿದವರು ತರಬೇತಿ ಪಡೆದ ಚಿಕಿತ್ಸಕರ ಜೊತೆಯಲ್ಲಿ ಮಾತ್ರ ಇದನ್ನು ಆರಂಭಿಸಬೇಕು. ತಲೆಸುತ್ತು ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿ ಮುಂದುವರಿಯಲಿ.

ಕೆಲವು ವಾರಗಳ ನಂತರ ನಂಬಿಕೆಯ ಗೆಳೆಯರೊಬ್ಬರನ್ನು ಸಾಕ್ಷಿಯಾಗಿ ಕೂರಿಸಿಕೊಳ್ಳಬಹುದು. ವೈಟ್‌ಹೌಸ್ ಅವರ ಶಿಷ್ಯೆ ಜಾನೆಟ್ ಆಡ್ಲರ್ ಈ ಸಾಕ್ಷಿಯ ಪಾತ್ರವನ್ನು ಆಳವಾಗಿ ಬೆಳೆಸಿದರು. ಸಾಕ್ಷಿ ಕಣ್ಣು ತೆರೆದು ಒಂದು ಬದಿಯಲ್ಲಿ ಕುಳಿತು ನೋಡುತ್ತಾರೆ, ನಡುವೆ ಮಾತನಾಡುವುದಿಲ್ಲ. ಮುಗಿದ ಮೇಲೆ ಚಲಿಸಿದವರು ಮೊದಲು ಮಾತನಾಡಲಿ. ಸಾಕ್ಷಿಯು ‘ನೀವು ದುಃಖದಲ್ಲಿದ್ದಿರಿ’ ಎಂದು ತೀರ್ಪು ಕೊಡದೆ, ‘ನಿಮ್ಮ ಎಡಗೈ ಮೂರು ಸಲ ನೆಲವನ್ನು ಮುಟ್ಟಿದ್ದನ್ನು ಕಂಡೆ, ಆಗ ನನ್ನ ಗಂಟಲು ಬಿಗಿಯಿತು’ ಎಂದು ಕಂಡದ್ದನ್ನೂ ತನ್ನಲ್ಲಿ ಆದದ್ದನ್ನೂ ಬೇರೆಬೇರೆಯಾಗಿ ಹೇಳಬೇಕು. ಈ ಶಿಸ್ತು ಮುರಿದರೆ ಚಲಿಸುವವರು ಮುಂದಿನ ಸಲ ನೋಡುವವರಿಗಾಗಿ ಚಲಿಸತೊಡಗುತ್ತಾರೆ.

ಗಡಿಯಾರ ಸದ್ದು ಮಾಡಿದಾಗ ಒಂದು ನಿಮಿಷ ನಿಶ್ಚಲವಾಗಿದ್ದು, ನಿಧಾನವಾಗಿ ಕಣ್ಣು ತೆರೆದು, ಫೋನ್ ಮುಟ್ಟುವ ಮೊದಲು ನಾಲ್ಕು ಸಾಲು ಬರೆಯಿರಿ. ಅರ್ಥ ಹೇಳಬೇಡಿ, ‘ಮಡಿಯಿತು’, ‘ಜಾರಿತು’, ‘ನಿಂತಿತು’ ಎಂದು ಕ್ರಿಯಾಪದಗಳನ್ನಷ್ಟೇ ಬರೆಯಿರಿ. ತಿಂಗಳಿಗೊಮ್ಮೆ ಆ ಪುಟಗಳನ್ನು ಒಟ್ಟಿಗೆ ಓದಿ ನೋಡಿ. ನನ್ನ ಪುಟಗಳಲ್ಲಿ ಮಡಿಯುವ, ಮುಚ್ಚುವ ಪದಗಳೇ ತುಂಬಿದ್ದವು, ಮತ್ತು ಅವೆಲ್ಲವೂ ಬಲಬದಿಯವು. ಅಂದಿನಿಂದ ನಾನು ಎಡಮಗ್ಗುಲಲ್ಲಿ ಮಲಗಿ ಕಾಯುತ್ತೇನೆ.