ಒಂದು ನಟ್ಟು ಬಿಚ್ಚಲು ನಾಲ್ಕು ಗಂಟೆ: ಗೋವಾದ ಉಪ್ಪುಗಾಳಿಯಲ್ಲಿ ನಾನು ಬೋಲ್ಟ್ ಆರಿಸಲು ಕಲಿತದ್ದು

ಒಂದೇ ಒಂದು ಎಂ16 ನಟ್ಟು, ಅಂದರೆ 16 ಮಿಲಿಮೀಟರ್ ದಪ್ಪದ ಬೋಲ್ಟಿನದು. ಅದನ್ನು ಬಿಚ್ಚಲು ನಾಲ್ಕು ಗಂಟೆ ಹಿಡಿಯಿತು. ಅದೂ ವಾಸ್ಕೋದ ಜೂನ್ ಮಳೆಯಲ್ಲಿ, ಒಂದು ಐಸ್ ಫ್ಯಾಕ್ಟರಿಯ ಹಿಂಬದಿ, ತಗಡಿನ ಕೆಳಗೆ ಕುಕ್ಕರಗಾಲಲ್ಲಿ ಕುಳಿತು. ಪಾನಾ ಹಾಕಿದರೆ ಅರ್ಧ ಸುತ್ತು ತಿರುಗಿ ನಿಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಪಾನಾಕ್ಕೆ ಪೈಪ್ ಸಿಕ್ಕಿಸಿ ಇಬ್ಬರು ಎಳೆದರೂ ಅಲ್ಲಾಡಲಿಲ್ಲ. ಗ್ಯಾಸ್ ಕಟರ್ ಹಚ್ಚೋಣವೆಂದರೆ ಪಕ್ಕದಲ್ಲೇ ಗೇರ್‌ಬಾಕ್ಸ್‌ನ ಆಯಿಲ್ ಸೀಲ್. ಕೊನೆಗೆ ಚಿಕ್ಕ ಗ್ರೈಂಡರ್ ತೂರಿಸಿ ಚೂರು ಚೂರಾಗಿ ಕೊಯ್ದೆವು. ಕೊಯ್ದು ನೋಡಿದರೆ ಥ್ರೆಡ್ ಒಳಗೆ ಒಂದು ಚೂರೂ ತುಕ್ಕಿಲ್ಲ! ಪಳಪಳ ಹೊಳೆಯುವ ಸ್ಟೇನ್‌ಲೆಸ್. ಎಂಟು ತಿಂಗಳ ಹಿಂದೆ ಅದನ್ನು ಹಾಕಿದವನು ನಾನೇ.

ನಾನು ಗದಗ ಕಡೆಯವನು. ಐಟಿಐ ಫಿಟ್ಟರ್ ಮುಗಿಸಿ ಹುಬ್ಬಳ್ಳಿಯಲ್ಲಿ ವಾಸ್ಕೋ ರೈಲು ಹತ್ತಿದವನು ಇಲ್ಲೇ ಉಳಿದೆ. ಈಗ ವೆರ್ಣಾದಲ್ಲಿ ಒಂದು ಚಿಕ್ಕ ಶೆಡ್ ಇದೆ, ಕೊಪ್ಪಳದ ಒಬ್ಬ ಹುಡುಗ, ಬಾದಾಮಿಯ ಒಬ್ಬ ಹುಡುಗ ಜೊತೆಗಿದ್ದಾರೆ. ಪಂಪು, ಕನ್ವೇಯರ್, ಸರಕು ಸಾಗಿಸುವ ಬಾರ್ಜ್ ದೋಣಿಗಳ ಸಣ್ಣಪುಟ್ಟ ರಿಪೇರಿ ನಮ್ಮ ಕೆಲಸ. ಶೆಡ್‌ನಲ್ಲಿ ಕನ್ನಡ, ಹೊರಗೆ ಹೋದರೆ ಖಿಚಡಿ: ಥ್ರೆಡ್‌ಗೆ ಮರಾಠಿಯವರು ಆಟೆ ಎನ್ನುತ್ತಾರೆ, ಹಿಂದಿಯವರು ಚೂಡಿ ಎನ್ನುತ್ತಾರೆ, ಇಂಚಿನಲ್ಲಿ ಎಂಟನೇ ಒಂದು ಭಾಗಕ್ಕೆ ಮಾತ್ರ ಎಲ್ಲರೂ ಸೂತ್ ಎನ್ನುತ್ತಾರೆ.

ಆ ಐಸ್ ಫ್ಯಾಕ್ಟರಿಯಲ್ಲಿ ಕನ್ವೇಯರ್ ಗೇರ್‌ಬಾಕ್ಸ್‌ನ ಕಾಲಿಗೆ ನಾಲ್ಕು ಕಪ್ಪು ಬೋಲ್ಟ್ ಇದ್ದವು, ತಲೆ ಮೇಲೆ 8.8 ಎಂದು ಬರೆದದ್ದು. ಪ್ರತಿ ಮಳೆಗಾಲಕ್ಕೂ ತುಕ್ಕು ತಿಂದು ತಲೆ ಉರುಟಾಗುತ್ತಿತ್ತು. ಮಾಲೀಕರು "ಎಸ್‌ಎಸ್ ಹಾಕಿಬಿಡಪ್ಪ, ಒಂದು ಸಲ ಖರ್ಚಾದರೆ ಆಗಲಿ" ಎಂದರು. ನನಗೂ ಸರಿ ಅನ್ನಿಸಿತು. ಮಡಗಾಂವ್‌ನಿಂದ ಅದೇ ಅಳತೆಯ ಎ2-70 ಎಂಬ ಸ್ಟೇನ್‌ಲೆಸ್ ಬೋಲ್ಟ್ ತಂದೆ, ನಟ್ಟು ಬಿಗಿಯುವ ಇಂಪ್ಯಾಕ್ಟ್ ಗನ್ ಹಿಡಿದು ಟರ್ರ್ ಅನ್ನಿಸಿದೆ, ಬಿಲ್ ಕೊಟ್ಟು ಬಂದೆ. ಇದರಲ್ಲಿ ಮೂರು ತಪ್ಪು ಇದ್ದವು, ಮೂರೂ ಬೇರೆ ಬೇರೆ ದಿನ ಗೊತ್ತಾದವು.

ಮೊದಲನೆಯದು ಶಕ್ತಿಯ ಲೆಕ್ಕ. 8.8 ಅನ್ನುವುದು ಸುಮ್ನೆ ಮಾಡೆಲ್ ನಂಬರ್ ಅಲ್ಲ, ಅದರಲ್ಲೇ ಲೆಕ್ಕ ಇದೆ. ಮೊದಲ 8 ಅಂದರೆ 800, ಚದರ ಮಿಲಿಮೀಟರಿಗೆ 800 ನ್ಯೂಟನ್ ಎಳೆದರೆ ಬೋಲ್ಟ್ ಹರಿಯುತ್ತದೆ. ಎರಡನೇ 8 ಅಂದರೆ ಅದರಲ್ಲಿ ನೂರಕ್ಕೆ 80 ಪಾಲು, ಅಂದರೆ 640ರಲ್ಲೇ ಅದು ಹಿಗ್ಗಿ ವಾಪಸ್ ಬರದ ಹಾಗಾಗುತ್ತದೆ. ನಮಗೆ ಬೇಕಾದದ್ದು ಈ ಎರಡನೇ ಸಂಖ್ಯೆ. ಎ2-70ರ 70 ಅಂದರೆ ಹರಿಯುವುದು 700ಕ್ಕೆ, ಆದರೆ ಹಿಗ್ಗುವುದು 450ಕ್ಕೇ. ಸ್ಟೇನ್‌ಲೆಸ್ ಅಂದರೆ ಕಬ್ಬಿಣಕ್ಕಿಂತ ಗಟ್ಟಿ ಎಂದು ನಾನು ನಂಬಿದ್ದೆ, ಇವತ್ತಿಗೂ ಅರ್ಧ ಗಿರಾಕಿಗಳು ನಂಬುತ್ತಾರೆ. ಸುಲಭವಾಗಿ ತುಕ್ಕು ಹಿಡಿಯದ್ದಕ್ಕೂ ಗಟ್ಟಿ ಇರುವುದಕ್ಕೂ ಸಂಬಂಧ ಇಲ್ಲ. 640 ಇದ್ದ ಜಾಗಕ್ಕೆ 450 ಹಾಕಿ, ಮೊದಲಿನ ಹಾಗೇ ಬಿಗಿದೆ. ಎರಡು ಬೋಲ್ಟ್ ಉದ್ದವಾಗಿ ಸಡಿಲ ಬಿದ್ದವು, ಗೇರ್‌ಬಾಕ್ಸ್ ಎರಡು ಮಿಲಿಮೀಟರ್ ಸರಿದಿತ್ತು.

ಎರಡನೆಯದು ಆ ನಾಲ್ಕು ಗಂಟೆಯ ಕಥೆ. ಇದಕ್ಕೆ ಗಾಲಿಂಗ್ ಅನ್ನುತ್ತಾರೆ. ಸ್ಟೇನ್‌ಲೆಸ್ ಮೇಲೆ ಕ್ರೋಮಿಯಂ ಆಕ್ಸೈಡ್‌ನ ತೀರಾ ತೆಳು ಪೊರೆ ಇರುತ್ತದೆ, ತುಕ್ಕು ತಡೆಯುವುದೇ ಅದು. ನಟ್ಟನ್ನು ಜೋರಾಗಿ ತಿರುಗಿಸಿದಾಗ ಥ್ರೆಡ್ಡಿಗೆ ಥ್ರೆಡ್ ಉಜ್ಜಿ ಪೊರೆ ಕಿತ್ತುಹೋಗುತ್ತದೆ, ಬಿಸಿಯಾಗುತ್ತದೆ, ಒಳಗಿನ ಬರೀ ಲೋಹ ಒಂದಕ್ಕೊಂದು ಕಚ್ಚಿ ಬೆಸುಗೆ ಹಾಕಿದಂತೆ ಹಿಡಿದುಕೊಳ್ಳುತ್ತದೆ. ಗನ್ ಬಳಸಿದರೆ ಕೇಳಲೇಬೇಡಿ. ಇನ್ನೂ ಮೋಸ ಏನೆಂದರೆ, ಕಚ್ಚಿಕೊಂಡ ನಟ್ಟು ಕೈಗೆ ಬಿಗಿಯಾದಂತೆ ತಿಳಿಯುತ್ತದೆ, ಆದರೆ ಕೆಳಗಿನ ಪ್ಲೇಟನ್ನು ಒತ್ತಿ ಹಿಡಿದೇ ಇರುವುದಿಲ್ಲ. ಉಳಿದ ಎರಡು ಬೋಲ್ಟ್‌ಗಳ ಗತಿ ಇದೇ ಆಗಿತ್ತು.

ಈಗ ಸ್ಟೇನ್‌ಲೆಸ್ ಇದ್ದರೆ ಗನ್ ಮುಟ್ಟುವುದಿಲ್ಲ. ಥ್ರೆಡ್ ಬ್ರಷ್‌ನಿಂದ ಉಜ್ಜಿ, ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ, ನಿಕಲ್ ಇರುವ ಆಂಟಿ-ಸೀಜ್ ಪೇಸ್ಟ್ ಹಚ್ಚಿ, ಕೈಯಲ್ಲೇ ನಟ್ಟು ಕೂರಿಸಿ, ಆಮೇಲೆ ಪಾನಾ, ನಿಧಾನ. ಎಲ್ಲಾದರೂ ಗಡಸಾಗಿ ಬಂತು ಅನ್ನಿಸಿದರೆ ಅಲ್ಲೇ ನಿಲ್ಲಿಸಿ ಹಿಂದಕ್ಕೆ ತಿರುಗಿಸಬೇಕು. 'ಇನ್ನೊಂದು ಸ್ವಲ್ಪ' ಎಂದು ಎಳೆದವರು ಗ್ರೈಂಡರ್ ಹುಡುಕಬೇಕಾಗುತ್ತದೆ.

ಪೇಸ್ಟ್ ಹಚ್ಚಿದರೆ ಟಾರ್ಕ್, ಅಂದರೆ ತಿರುಗಿಸುವ ಬಲ, ಕಡಿಮೆ ಮಾಡಬೇಕು, ಇದು ಬಹಳ ಜನರಿಗೆ ಗೊತ್ತಿಲ್ಲ. ನಾವು ಪಾನಾ ಮೇಲೆ ಹಾಕುವ ಬಲದಲ್ಲಿ ನೂರಕ್ಕೆ ಸುಮಾರು 50 ಪಾಲು ಬೋಲ್ಟ್ ತಲೆಯ ಕೆಳಗಿನ ಉಜ್ಜಾಟಕ್ಕೆ ಹೋಗುತ್ತದೆ, ಇನ್ನು 40 ಪಾಲು ಥ್ರೆಡ್ ಉಜ್ಜಾಟಕ್ಕೆ. ಬೋಲ್ಟನ್ನು ನಿಜವಾಗಿ ಎಳೆಯುವುದು ಬರೀ 10 ಪಾಲು. ಉಜ್ಜಾಟ ಕಡಿಮೆಯಾದರೆ ಅದೇ ಟಾರ್ಕ್‌ಗೆ ಎಳೆತ ಎಷ್ಟೋ ಜಾಸ್ತಿ ಆಗಿಬಿಡುತ್ತದೆ. ಒಣ ಎಂ16 8.8ಗೆ ನಾನು 200 ನ್ಯೂಟನ್-ಮೀಟರ್ ಹತ್ತಿರ ಕೊಡುತ್ತೇನೆ, ಅಷ್ಟಕ್ಕೇ ಆ ಒಂದು ಬೋಲ್ಟ್ ಆರು ಟನ್ನಿಗೂ ಮೇಲೆ ಒತ್ತಿ ಹಿಡಿಯುತ್ತದೆ. ಪೇಸ್ಟ್ ಹಚ್ಚಿದ ಎಂ16 ಎ4-70 (ಇದು ಇನ್ನೊಂದು ಜಾತಿಯ ಸ್ಟೇನ್‌ಲೆಸ್, ಮುಂದೆ ಹೇಳುತ್ತೇನೆ) ಆದರೆ 110ರ ಆಸುಪಾಸಿನಲ್ಲಿ ನಿಲ್ಲಿಸುತ್ತೇನೆ. ಟಾರ್ಕ್ ರೆಂಚ್ ಕೊಂಡಾಗ ಮನೆಯಲ್ಲಿ ಬೈಸಿಕೊಂಡಿದ್ದೆ, ಮೊದಲೇ ಕೊಳ್ಳಬೇಕಿತ್ತು.

ಮೂರನೇ ತಪ್ಪು ಎ2 ಆರಿಸಿದ್ದೇ. ಎ2 ಅಂದರೆ 304 ಜಾತಿಯ ಸ್ಟೇನ್‌ಲೆಸ್. ಊರೊಳಗೆ ಚೆನ್ನಾಗಿರುತ್ತದೆ. ಸಮುದ್ರದ ಪಕ್ಕ ಕೆಲವೇ ತಿಂಗಳಲ್ಲಿ ಚಹಾ ಚೆಲ್ಲಿದಂತೆ ಕಂದು ಕಲೆ ಬರುತ್ತದೆ. ಇಲ್ಲಿಗೆ ಬೇಕಾದದ್ದು ಎ4, ಅಂದರೆ 316. ಅದರಲ್ಲಿ ನೂರಕ್ಕೆ 2ರಿಂದ 3 ಪಾಲು ಮಾಲಿಬ್ಡಿನಂ ಎಂಬ ಲೋಹ ಇರುತ್ತದೆ, ಉಪ್ಪನ್ನು ತಡೆದುಕೊಳ್ಳಲು ಅದೇ ಆಧಾರ. ಎರಡೂ ನೋಡಲು ಒಂದೇ ತರಹ. ಮ್ಯಾಗ್ನೆಟ್ ಹಿಡಿದು ಪತ್ತೆ ಮಾಡುತ್ತೇನೆ ಎನ್ನುವವರನ್ನು ನಂಬಬೇಡಿ, ಎರಡಕ್ಕೂ ಮ್ಯಾಗ್ನೆಟ್ ಅಷ್ಟಾಗಿ ಹಿಡಿಯುವುದಿಲ್ಲ. ತಲೆ ಮೇಲಿನ ಗುರುತೇ ನೋಡಬೇಕು. ಗುರುತೇ ಇಲ್ಲದ ಬೋಲ್ಟನ್ನು ನಾನು ಗೇಟಿನ ಕೊಂಡಿಗೆ ಹಾಕುತ್ತೇನೆ, ಮಶಿನ್‌ಗೆ ಹಾಕುವುದಿಲ್ಲ.

ಹಾಗಂತ ಎಲ್ಲ ಕಡೆ ಎ4 ಹಾಕುತ್ತೇನೆ ಎಂದಲ್ಲ. ಹೆಚ್ಚು ಶಕ್ತಿ ಬೇಕಾದ ಆ ಗೇರ್‌ಬಾಕ್ಸ್‌ಗೆ ಈಗ ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ, ಅಂದರೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದ, 8.8 ಇದೆ. ಅಂಗಡಿಯಲ್ಲಿ ಹೊಳೆಯುವ 'ಜಿಂಕ್ ಬೋಲ್ಟ್' ಮೇಲೆ ಇರುವುದು 5ರಿಂದ 8 ಮೈಕ್ರಾನ್ ಸತು ಅಷ್ಟೇ, ಇಲ್ಲಿನ ಒಂದು ಮಳೆಗಾಲಕ್ಕೆ ಮುಗೀತು. ಹಾಟ್ ಡಿಪ್‌ನಲ್ಲಿ ಸುಮಾರು 50 ಮೈಕ್ರಾನ್ ಕೂರುತ್ತದೆ. ನೋಡಲು ಬೂದು ಬಣ್ಣ, ಒರಟು, ಗಿರಾಕಿ ಮೂಗು ಮುರಿಯುತ್ತಾರೆ. ಒಂದು ಎಚ್ಚರ: ಅಷ್ಟು ದಪ್ಪ ಪದರಕ್ಕೆ ಜಾಗ ಬೇಕಲ್ವಾ, ಅದಕ್ಕೆ ನಟ್ಟಿನ ಥ್ರೆಡ್ಡನ್ನು ಸ್ವಲ್ಪ ದೊಡ್ಡದಾಗಿ ಕೊರೆದಿರುತ್ತಾರೆ. ನಟ್ಟು ಬೋಲ್ಟು ಜೋಡಿಯಾಗಿಯೇ ತನ್ನಿ. ಆ ಸಡಿಲ ನಟ್ಟನ್ನು ಮಾಮೂಲಿ ಬೋಲ್ಟ್‌ಗೆ ಹಾಕಿದರೆ ಕೈಯಲ್ಲೇ ಗಡಗಡ ಎನ್ನುತ್ತದೆ.

ಇನ್ನೊಂದು ಘಟನೆ ನೆನೆದರೆ ಈಗಲೂ ಬೆವರು ಬರುತ್ತದೆ. ಒಂದು ದೊಡ್ಡ ಪಂಪನ್ನು ಮೋಟರಿಗೆ ಜೋಡಿಸುವ ಕಪ್ಲಿಂಗ್‌ಗೆ 12.9 ಗ್ರೇಡಿನ ಅಲನ್ ಬೋಲ್ಟ್ (ತಲೆಯಲ್ಲಿ ಆರು ಮೂಲೆಯ ಕುಳಿ ಇರುವಂಥವು) ಇದ್ದವು, ಕಪ್ಪು ಬಣ್ಣದವು. ತುಕ್ಕು ಬರಬಾರದು ಎಂದು ನಾನೇ ಬುದ್ಧಿವಂತಿಕೆ ಮಾಡಿ, ಹೊಸ ಸೆಟ್ ತಂದು ಒಂದು ಪ್ಲೇಟಿಂಗ್ ಅಂಗಡಿಯಲ್ಲಿ ಜಿಂಕ್ ಮಾಡಿಸಿ ಹಾಕಿದೆ. ಬಂಗಾರದ ಹಾಗೆ ಹಳದಿ ಹೊಳಪು! ನಾಲ್ಕನೇ ದಿನ ಬೆಳಿಗ್ಗೆ ಪಂಪ್ ಆಪರೇಟರ್ ಫೋನ್ ಮಾಡಿ, ನೆಲದ ಮೇಲೆ ಎರಡು ಬೋಲ್ಟ್ ತಲೆ ಬಿದ್ದಿವೆ ಎಂದ. ರಾತ್ರಿ ಪಂಪ್ ಓಡಿಯೇ ಇರಲಿಲ್ಲ. ಹೋಗಿ ತಲೆಯನ್ನು ಕೈಯಲ್ಲಿ ಹಿಡಿದು ನೋಡಿದೆ. ಹಿಗ್ಗಿ ಹರಿದ ಬೋಲ್ಟ್ ಆದರೆ ಕುತ್ತಿಗೆ ಸಣ್ಣಗಾಗಿರುತ್ತದೆ. ಇದು ಹಾಗಿರಲಿಲ್ಲ. ಒಡೆದ ಬೆಲ್ಲದ ಅಚ್ಚಿನ ಹಾಗೆ ಸೀದಾ ಮುರಿದಿತ್ತು, ಒಳಗೆ ಹರಳು ಹರಳಾಗಿ ಕಾಣುತ್ತಿತ್ತು.

ಪ್ಲೇಟಿಂಗ್‌ಗೆ ಮುಂಚೆ ಆ್ಯಸಿಡ್‌ನಲ್ಲಿ ತೊಳೆಯುವಾಗ, ಆಮೇಲೆ ಕರೆಂಟ್ ಕೊಡುವಾಗ, ಹೈಡ್ರೋಜನ್ ಉಕ್ಕಿನ ಒಳಗೆ ಹೋಗುತ್ತದೆ. ಮೆತ್ತನೆಯ ಬೋಲ್ಟ್‌ಗೆ ಅದರಿಂದ ಏನೂ ಆಗುವುದಿಲ್ಲ. 12.9ರ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 39ರಿಂದ 44 ಎಚ್‌ಆರ್‌ಸಿ, ಅಷ್ಟು ಗಡಸಿದ್ದರೆ ಹೈಡ್ರೋಜನ್ ಅದನ್ನು ಒಳಗಿಂದಲೇ ಬಿರುಕು ಬಿಡಿಸುತ್ತದೆ. ಬಿಗಿದ ತಕ್ಷಣ ಅಲ್ಲ, ಗಂಟೆಗಳು ಅಥವಾ ದಿನಗಳು ಕಳೆದ ಮೇಲೆ. ಪ್ಲೇಟಿಂಗ್ ಆದ ಕೂಡಲೇ 200 ಡಿಗ್ರಿ ಹತ್ತಿರ ಹಲವು ಗಂಟೆ ಬೇಯಿಸಿದರೆ ಹೈಡ್ರೋಜನ್ ಬಹುಪಾಲು ಹೊರಗೆ ಹೋಗುತ್ತದೆ. ಅಂಗಡಿಯವರಿಗೆ ನಾನು ಗ್ರೇಡ್ ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ಈಗ ಅಂಥ ಕಡೆ ಜಿಂಕ್ ಫ್ಲೇಕ್, ಅಂದರೆ ಸತುವಿನ ಸಣ್ಣ ಚಕ್ಕೆಗಳಿರುವ ಲೇಪನದ್ದು ತರಿಸುತ್ತೇನೆ, ಅದನ್ನು ಬಳಿದು ಕಾಯಿಸುವುದಷ್ಟೇ, ಕರೆಂಟಿನ ಕೆಲಸ ಇಲ್ಲ. ಜಾಗ ಇದ್ದರೆ ಇನ್ನೂ ಸುಲಭ ದಾರಿ, ಒಂದು ಅಳತೆ ಹೆಚ್ಚು ದಪ್ಪದ 8.8. ಗ್ರೇಡ್ ಏರಿಸಿದಷ್ಟೂ ಒಳ್ಳೆಯದು ಅನ್ನುವುದು ನನ್ನ ತಲೆಯಿಂದ ಹೋದದ್ದು ಅವತ್ತೇ.

ಇಂಚು-ಎಂಎಂ ಜಗಳ ಎಲ್ಲರಿಗೂ ಗೊತ್ತಿದೆ, ಜಾಸ್ತಿ ಹೇಳುವುದಿಲ್ಲ. ಎಂ8 ನಟ್ಟಿಗೆ ಎರಡೂವರೆ ಸೂತಿನ ಬೋಲ್ಟ್ ಒಂದೆರಡು ಸುತ್ತು ಆರಾಮಾಗಿ ಹೋಗುತ್ತದೆ, ಏಕೆಂದರೆ ಅದು 7.94 ಮಿ.ಮೀ., ಆಮೇಲೆ ಥ್ರೆಡ್ ಕೆಡಿಸುತ್ತದೆ. ಹಳೇ ಬಾರ್ಜ್ ಎಂಜಿನ್‌ಗಳಲ್ಲಿ ಇನ್ನೂ ಕಷ್ಟ. ಅರ್ಧ ಇಂಚಿನ ಬೋಲ್ಟ್ ಹಳೇ ಬ್ರಿಟಿಷ್ ಪದ್ಧತಿಯ ವಿಟ್ವರ್ತ್ ಆದರೆ ಇಂಚಿಗೆ 12 ಥ್ರೆಡ್, ಅಮೆರಿಕದ ಯುಎನ್‌ಸಿ ಪದ್ಧತಿಯದಾದರೆ 13. ಫೋನ್‌ನಲ್ಲಿ "ನಾಲ್ಕು ಸೂತಿನದು ಕೊಡಿ" ಎಂದರೆ ಏನು ಬರುತ್ತದೋ ದೇವರೇ ಬಲ್ಲ. ಥ್ರೆಡ್‌ಗಳ ನಡುವಿನ ಅಂತರ ಅಳೆಯುವ ಪಿಚ್ ಗೇಜ್ ಜೇಬಿನಲ್ಲಿರಲಿ, ಹಳೇ ಬೋಲ್ಟನ್ನೇ ಅಂಗಡಿಗೆ ಒಯ್ಯಿರಿ.

ಉದ್ದದ ಲೆಕ್ಕ ನಾನು ಶೆಡ್‌ನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ಎಂ16ಗೆ 12 ಮತ್ತು 10 ಮಿ.ಮೀ. ಪ್ಲೇಟ್ ಸೇರಿ 22, ಎರಡು ವಾಷರ್ 6, ನಟ್ಟು 15, ಹೊರಗೆ ಎರಡು ಥ್ರೆಡ್ ಕಾಣಲು 4. ಒಟ್ಟು 47, ಅಂದರೆ 50ರ ಬೋಲ್ಟ್. ಆದರೆ ಪ್ಲೇಟ್‌ಗಳು ಒಂದರ ಮೇಲೊಂದು ಜಾರಿ ಬೋಲ್ಟನ್ನು ಅಡ್ಡ ಕತ್ತರಿಸುವಂಥ ಜಾಗವಾದರೆ ಅಲ್ಲಿ ಥ್ರೆಡ್ ಬರಬಾರದು. ಎಂ16ರ ನುಣುಪು ಭಾಗ 201 ಚದರ ಮಿ.ಮೀ., ಥ್ರೆಡ್ ಇರುವ ಕಡೆ ಲೆಕ್ಕಕ್ಕೆ ಸಿಗುವುದು 157. ಅಂಗಡಿಯಲ್ಲಿ ಸಿಗುವ 50ರ ಎಂ16 ಸಾಮಾನ್ಯವಾಗಿ ತಲೆತನಕ ಥ್ರೆಡ್ ಇರುವಂಥದ್ದೇ.

ನಡುಗುವ ಮಶಿನ್‌ಗೆ ಸ್ಪ್ರಿಂಗ್ ವಾಷರ್ ಹಾಕುವುದನ್ನು ಬಿಟ್ಟೆ. ಯೂಂಕರ್ ಎಂಬ ಜರ್ಮನ್ ಎಂಜಿನಿಯರ್ 1969ರಲ್ಲೇ ತೋರಿಸಿದ್ದರು, ನಟ್ಟು ಸಡಿಲವಾಗುವುದು ಮುಖ್ಯವಾಗಿ ಪ್ಲೇಟ್ ಅಡ್ಡಡ್ಡ ಜಾರುವುದರಿಂದ. 8.8 ಬಿಗಿದಾಗ ಸ್ಪ್ರಿಂಗ್ ವಾಷರ್ ಪೂರ್ತಿ ಚಪ್ಪಟೆ, ಆಮೇಲೆ ಅದು ಸ್ಪ್ರಿಂಗೇ ಅಲ್ಲ. ಒಂದು ಜರಡಿ ಮಶಿನ್‌ನಲ್ಲಿ ವಾರಕ್ಕೊಮ್ಮೆ ಬೋಲ್ಟ್ ಬಿಗಿಯುತ್ತಿದ್ದೆವು. ಚಿಕ್ಕ ಬೋಲ್ಟ್ ತೆಗೆದು, ಕೆಳಗೆ ಪೈಪ್ ತುಂಡಿನ ಸ್ಲೀವ್ ಕೊಟ್ಟು ಉದ್ದದ್ದು ಹಾಕಿದೆವು. ಉದ್ದ ಬೋಲ್ಟ್ ರಬ್ಬರ್‌ನ ಹಾಗೆ ಸ್ವಲ್ಪ ಹಿಗ್ಗಿ ನಿಲ್ಲುತ್ತದೆ, ಪ್ಲೇಟ್ ತುಸು ಸವೆದರೂ ಹಿಡಿತ ಉಳಿಯುತ್ತದೆ. ಬಿಗಿದ ಮೇಲೆ ನಟ್ಟಿನಿಂದ ಪ್ಲೇಟ್‌ವರೆಗೆ ಒಂದು ಗೆರೆ ಎಳೆಯುತ್ತೇವೆ, ಗೆರೆ ತಪ್ಪಿದರೆ ನಟ್ಟು ತಿರುಗಿದೆ ಎಂದರ್ಥ. ಬಾದಾಮಿ ಹುಡುಗ ಅದಕ್ಕೆ ಕೆಂಪು ನೈಲ್ ಪಾಲಿಷ್ ತಂದ. ಅಂಗಡಿಯಾಕೆ ಯಾರಿಗೆ ಎಂದು ಕೇಳಿದರಂತೆ, ಇವನು ಜರಡಿಗೆ ಎಂದನಂತೆ.

ಇನ್ನು ಎರಡು ಲೋಹ ಬೆರೆಸುವ ವಿಷಯ. ದೊಡ್ಡ ಸ್ಟೇನ್‌ಲೆಸ್ ಟ್ಯಾಂಕಿಗೆ ಎಂಎಸ್, ಅಂದರೆ ಮಾಮೂಲಿ ಉಕ್ಕಿನ ಬೋಲ್ಟ್ ಹಾಕಿದವರದು ನೋಡಿದ್ದೇನೆ, ಉಪ್ಪುನೀರು ಸೇರಿದರೆ ಬೋಲ್ಟೇ ಮೊದಲು ಕರಗುತ್ತದೆ, ಅದೂ ಬೇಗ, ಏಕೆಂದರೆ ಕರಗುವ ಲೋಹ ಚಿಕ್ಕದು, ಎದುರಿನ ಸ್ಟೇನ್‌ಲೆಸ್ ದೊಡ್ಡದು. ಅಲ್ಯೂಮಿನಿಯಂ ಏಣಿಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ಅಷ್ಟು ಅವಸರ ಇಲ್ಲ, ಆದರೂ ಸುತ್ತ ಬಿಳಿ ಪುಡಿ ಬರುತ್ತದೆ. ನಡುವೆ ನೈಲಾನ್ ಬುಷ್, ವಾಷರ್ ಕೊಡುತ್ತೇನೆ.

ಈಗ ಯಾರಾದರೂ ಬೋಲ್ಟ್ ಬೇಕು ಎಂದರೆ ಮೊದಲು ಕೇಳುವುದು ಎಷ್ಟು ಗಟ್ಟಿ ಬೇಕು ಎಂದಲ್ಲ. ಎಲ್ಲಿ ಕೂರುತ್ತದೆ, ಯಾವ ನೀರು ಬೀಳುತ್ತದೆ, ಮುಂದೆ ಬಿಚ್ಚುವವರು ಯಾರು ಎಂದು ಕೇಳುತ್ತೇನೆ. ನನ್ನ ಲೆಕ್ಕದಲ್ಲಿ ಬಿಚ್ಚುವವನು ಯಾವಾಗಲೂ ನಾನೇ ಆಗಿರುತ್ತೇನೆ.

ಐಸ್ ಫ್ಯಾಕ್ಟರಿಯ ಗೇರ್‌ಬಾಕ್ಸನ್ನು ಈ ಜೂನ್‌ನಲ್ಲಿ ಮತ್ತೆ ಬಿಚ್ಚಬೇಕಿದೆ. 24ರ ಪಾನಾ ಒಂದೇ ಸಾಕು ಎಂದು ಹುಡುಗರಿಗೆ ಹೇಳಿದ್ದೇನೆ. ಗ್ರೈಂಡರನ್ನು ಗಾಡಿಯಲ್ಲಿ ಇಟ್ಟಿದ್ದೇನೆ, ಅವರಿಗೆ ಹೇಳಿಲ್ಲ.