ಮಂಗಳವಾರದ ಗೈರುಹಾಜರಿ

"ಅಕ್ಕಾರ, ದೊಡ್ಡಾಕೀನ ಹಾಸ್ಟೆಲಿಗೆ ಹಾಕಿಸ್ರಿ. ಹುಡುಗನ್ನ ಯಾವುದರ ಆಶ್ರಮದಾಗ ಬಿಡ್ರಿ. ಕೂಸಿನ ಕಟಗೊಂಡು ನಾ ಬೆಂಗಳೂರಿಗೆ ದುಡ್ಯಾಕ ಹೋಗ್ತೀನಿ."

2024ರ ನವೆಂಬರ್, ಹತ್ತಿ ಬಿಡಿಸುವ ಕಾಲ. ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಅಂಗನವಾಡಿ ಕಟ್ಟೆ ಮೇಲೆ ಕೂತು ಆ ತಾಯಿ ನನಗೆ ಹೀಗೆ ಹೇಳಿದರು. ಸೆರಗಿನ ತುಂಬ ಹತ್ತಿಯ ಎಳೆ ಅಂಟಿತ್ತು. ಗುಳೆ ಹೋದ ಗಂಡ ಬೆಂಗಳೂರಿನಲ್ಲೇ ಕಾಯಿಲೆ ಬಿದ್ದು, ಅಲ್ಲಿನ ಆಸ್ಪತ್ರೆಯಲ್ಲೇ ತೀರಿಕೊಂಡು ಎಂಟು ತಿಂಗಳಾಗಿತ್ತು. ದೊಡ್ಡ ಮಗಳಿಗೆ ಹದಿನಾಲ್ಕು, ಒಂಬತ್ತನೇ ಕ್ಲಾಸು. ಹುಡುಗ ನಾಲ್ಕನೇ ಕ್ಲಾಸು. ಕೂಸಿಗೆ ಎರಡು ವರ್ಷ. ಇವರ ಹೆಸರು ಇಲ್ಲಿ ಬರೆಯುವುದಿಲ್ಲ. ದೊಡ್ಡ ಮಗಳನ್ನು ಮನೆಯವರು ಕರೆಯುವ ಹಾಗೆ ದೊಡ್ಡಾಕಿ ಅಂತಲೇ ಬರೆಯುತ್ತೇನೆ.

ಹಾಸ್ಟೆಲ್ ಫಾರಂ ನನ್ನ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಅದಕ್ಕೆ ಕಾರಣ ಬೇರೆ ಒಬ್ಬ ಹುಡುಗ.

ಸಮಾಜ ಕಾರ್ಯಕರ್ತೆಯಾಗಿ ಕೆಲಸಕ್ಕೆ ಸೇರಿದ ಹೊಸತು. ಇಂಥದ್ದೇ ಮಾತು ಕೇಳಿ ಏಳು ವರ್ಷದ ಒಬ್ಬ ಹುಡುಗನನ್ನು, ಇಂಥ ಮಕ್ಕಳು ಎಲ್ಲಿರಬೇಕು ಅಂತ ತೀರ್ಮಾನ ಮಾಡುವ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರೆದುಕೊಂಡು ಹೋಗಿ, ಒಂದು ಮಕ್ಕಳ ಮನೆಗೆ ಸೇರಿಸಿದ್ದೆ. ಕಾಗದಪತ್ರ ಎಲ್ಲ ಸರಿ ಇತ್ತು. ಒಳ್ಳೆ ಕೆಲಸ ಮಾಡಿದೆ ಅಂದುಕೊಂಡಿದ್ದೆ. ನಾಲ್ಕು ತಿಂಗಳಾದ ಮೇಲೆ ನೋಡಲು ಹೋದಾಗ ಅವನು ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು: "ನಮ್ಮ ಮನ್ಯಾಗ ಈಗ ಅಕ್ಕಿ ಅದಾವೇನ್ರಿ?"

ಅಕ್ಕಿ ಇಲ್ಲ ಅಂತ ತನ್ನನ್ನು ಇಲ್ಲಿ ಬಿಟ್ಟಿದ್ದಾರೆ, ಅಕ್ಕಿ ಬಂದರೆ ಕರೆದುಕೊಂಡು ಹೋಗುತ್ತಾರೆ. ಅವನು ಹಾಗಂತ ನಂಬಿದ್ದ. ಅವನು ಅಂದುಕೊಂಡಿದ್ದು ಸುಳ್ಳೂ ಅಲ್ಲ. ಆಮೇಲೆ ವಿಚಾರಿಸಿದೆ. ಅವನ ಅವ್ವನ ಹೆಸರು ತವರುಮನೆಯ ರೇಷನ್ ಕಾರ್ಡಿನಲ್ಲೇ ಉಳಿದಿತ್ತು. ಮಕ್ಕಳ ಹೆಸರು ಯಾವ ಕಾರ್ಡಿನಲ್ಲೂ ಇರಲಿಲ್ಲ. ಆ ಹೆಸರು ಸೇರಿಸಿದ್ದರೆ ಸಾಕಿತ್ತು, ನಾನು ಮಗುವನ್ನೇ ಮನೆ ಬಿಡಿಸಿದ್ದೆ. ಅವನನ್ನು ವಾಪಸ್ ಮನೆ ಸೇರಿಸಲು ಒಂದೂವರೆ ವರ್ಷ ಹಿಡಿಯಿತು. ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಆಗಿರಬೇಕು ಅಂತ 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ತರಬೇತಿಯಲ್ಲಿ ಅದನ್ನು ಬರೆದುಕೊಂಡಿದ್ದೆ. ಅರ್ಥ ಆಗಿದ್ದು ಆ ಹುಡುಗನಿಂದ.

ಅವತ್ತಿನಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಮೊದಲ ಸಲ ಮನೆಗೆ ಹೋದಾಗ ಫಾರಂ ಹೊರಗೆ ತೆಗೆಯುವುದಿಲ್ಲ. ಹಗಲು ಹೊತ್ತು ಹೋಗುವುದೂ ಇಲ್ಲ, ಮನೆಯಲ್ಲಿ ಯಾರೂ ಇರುವುದಿಲ್ಲ ಅಲ್ವಾ? ಸಂಜೆ ಒಲೆ ಹಚ್ಚುವ ಹೊತ್ತಿಗೆ ಹೋಗಿ, ಒಲೆ ಹತ್ತಿರವೇ ಕೂರುತ್ತೇನೆ. ನಿಮ್ಮ ಸಮಸ್ಯೆ ಏನು ಅಂತ ಕೇಳಿದರೆ ಯಾರೂ ಹೇಳುವುದಿಲ್ಲ, "ಬಡತನರೀ" ಅಂದು ಸುಮ್ಮನಾಗುತ್ತಾರೆ. ಅದರ ಬದಲು ಸಣ್ಣ ಪ್ರಶ್ನೆ ಕೇಳುತ್ತೇನೆ. ನಿನ್ನೆ ರಾತ್ರಿ ಏನು ಅಡಿಗೆ ಮಾಡಿದ್ರಿ? ನಿಮಗೆ ಜ್ವರ ಬಂದರೆ ಕೂಸನ್ನು ಯಾರು ನೋಡ್ತಾರೆ? ಈ ವಾರ ಯಾರಿಗೆ ದುಡ್ಡು ಕೊಡಬೇಕು?

ಮೊದಲ ಎರಡಕ್ಕೆ ಆ ತಾಯಿ ಉತ್ತರ ಕೊಟ್ಟರು. ಮೂರನೆಯದಕ್ಕೆ ಒಲೆಗೆ ಕಟ್ಟಿಗೆ ಹಾಕುತ್ತಾ ಕೂತರು, ಮಾತಾಡಲಿಲ್ಲ. ದೊಡ್ಡಾಕಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವ್ವನ ಮುಖ ನೋಡಿದಳು.

ಮರುದಿನ ಶಾಲೆಗೆ ಹೋಗಿ ಹೆಡ್ ಮಾಸ್ತರ ಹತ್ತಿರ ಹಾಜರಿ ಪುಸ್ತಕ ಕೇಳಿದೆ. ಈ ಕೆಲಸ ಮಾಡುವವರಿಗೆ ನಾನು ಹೇಳುವುದು ಇಷ್ಟೇ, ಮಗು ಎಷ್ಟು ದಿನ ಬಂದಿಲ್ಲ ಅಂತ ಮಾತ್ರ ನೋಡಬೇಡಿ, ಯಾವ ದಿನ ಬಂದಿಲ್ಲ ಅಂತ ನೋಡಿ. ಹತ್ತಿ ಬಿಡಿಸಲು ಹೋಗುವ ಮಕ್ಕಳು ಸಾಲಾಗಿ ಹತ್ತು ಹದಿನೈದು ದಿನ ಗೈರಾಗುತ್ತಾರೆ. ದೊಡ್ಡಾಕಿಯ ಸಾಲು ಹಾಗಿರಲಿಲ್ಲ. ಬೆರಳಿಟ್ಟುಕೊಂಡು ಹೋದೆ. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್. ಎಲ್ಲ ಮಂಗಳವಾರ. ಬರೀ ಮಂಗಳವಾರ.

ಬಿಸಿಯೂಟ ಮುಗಿದ ಮೇಲೆ ತಟ್ಟೆ ತೊಳೆಯುತ್ತಿದ್ದ ಅವಳ ಪಕ್ಕ ಹೋಗಿ ನಿಂತು ಕೇಳಿದೆ.

"ಅವತ್ತು ಕಂತಿನವರು ಬರ್ತಾರ್ರಿ. ಅವ್ವ ಹೊಲಕ್ಕ ಹೋಗಿರ್ತಾಳ. ಮನ್ಯಾಗ ಯಾರೂ ಇಲ್ಲಂದ್ರ ಓಣಿಗೆಲ್ಲ ಕೇಳೋಹಂಗ ಬೈತಾರ. ನಾ ಇದ್ರ ಅಷ್ಟು ಬೈಯಂಗಿಲ್ಲ."

ಹದಿನಾಲ್ಕು ವರ್ಷದ ಹುಡುಗಿ ವಾರಕ್ಕೊಂದು ದಿನ ಶಾಲೆ ಬಿಟ್ಟು ಮನೆಯ ಮಾನ ಕಾಯುತ್ತಿದ್ದಳು. ಇದು ಅವಳ ಅವ್ವನಿಗೂ ಪೂರ್ತಿ ಗೊತ್ತಿರಲಿಲ್ಲ.

ಎರಡು ಸಂಘದ ಸಾಲ. ಎರಡೂ ಸೇರಿ ವಾರಕ್ಕೆ 1,150 ರೂಪಾಯಿ ಕಂತು. ಇಡೀ ವಾರ ದುಡಿದರೂ ಮುಕ್ಕಾಲುಪಾಲು ಅದಕ್ಕೇ ಹೋಗುತ್ತಿತ್ತು. ಸಾಲದ ಕಾರ್ಡು ತೋರಿಸಿ ಅಂದಾಗ ಮಾಡಿನಲ್ಲಿದ್ದ ಪ್ಲಾಸ್ಟಿಕ್ ಕವರ್ ತಂದುಕೊಟ್ಟರು. ಅದರಲ್ಲಿ ಎಲ್ಲ ಇತ್ತು, ಆಧಾರ್, ಮದುವೆ ಫೋಟೋ, ಆಸ್ಪತ್ರೆಯ ಮಡಚಿ ಮಡಚಿ ಹರಿದ ಚೀಟಿ. ಒಂದು ಸಾಲದ ಕಾರ್ಡಿನಲ್ಲಿ, ಸಾಲ ಕೊಡುವಾಗಲೇ ವಿಮೆಗೆ ಹಣ ಹಿಡಿದ ಲೆಕ್ಕ ಇತ್ತು. ಇಂಥ ಸಾಲಗಳಲ್ಲಿ ಹೆಂಡತಿಯ ಜೊತೆ ಗಂಡನಿಗೂ ಎಷ್ಟೋ ಸಲ ವಿಮೆ ಮಾಡಿರುತ್ತಾರೆ. ಗಂಡ ತೀರಿಕೊಂಡರೆ ಉಳಿದ ಸಾಲ ಆ ವಿಮೆಯಿಂದ ತೀರಬೇಕು. ಅದನ್ನು ಇವರಿಗೆ ಯಾರೂ ಹೇಳಿರಲಿಲ್ಲ. ಎಂಟು ತಿಂಗಳು ಕಂತು ಕಟ್ಟಿಸಿಕೊಂಡಿದ್ದರು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ವಿಮೆ ಕೇಳಬೇಕಾದರೆ ಮರಣ ಪ್ರಮಾಣಪತ್ರ ಬೇಕು. ವಿಧವಾ ವೇತನಕ್ಕೂ ಅದೇ. ಮಕ್ಕಳ ಓದಿಗೆ ತಿಂಗಳ ಹಣ ಕೊಡುವ ಪ್ರಾಯೋಜಕತ್ವಕ್ಕೂ ಅದೇ. ಎಲ್ಲ ಗಂಟೂ ಒಂದೇ ಕಾಗದದಲ್ಲಿ ಬಿದ್ದಿತ್ತು. ಸಾವು ಎಲ್ಲಾಗುತ್ತದೋ ಅಲ್ಲಿ ನೋಂದಣಿ ಆಗುತ್ತದೆ, ಹುಟ್ಟೂರಲ್ಲಿ ಅಲ್ಲ. ಗುಳೆ ಹೋಗುವ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಹೆಣ ಊರಿಗೆ ತರುವ ಗಡಿಬಿಡಿಯಲ್ಲಿ ಕಾಗದ ಯಾರು ಕೇಳುತ್ತಾರೆ? ಬೆಂಗಳೂರಿನಲ್ಲಿ ವಿಚಾರಿಸಿದರೆ ನೋಂದಣಿ ಆಗಿತ್ತು, ಆದರೆ ಹೆಸರೇ ಬೇರೆ. ಆಸ್ಪತ್ರೆಗೆ ಸೇರಿಸಿದ ಮೇಸ್ತ್ರಿ, ಕೆಲಸದ ಜಾಗದಲ್ಲಿ ಕರೆಯುತ್ತಿದ್ದ ಅಡ್ಡಹೆಸರು ಬರೆಸಿದ್ದ. ಆಧಾರ್‌ನಲ್ಲಿದ್ದ ಹೆಸರಿಗೂ ಅದಕ್ಕೂ ಸಂಬಂಧವೇ ಇಲ್ಲ. ಅಫಿಡವಿಟ್ಟು, ಆಸ್ಪತ್ರೆಯ ಪತ್ರ, ಎರಡು ಸಲ ಬೆಂಗಳೂರಿಗೆ ರಾತ್ರಿ ಬಸ್ಸು. ಸರಿಯಾದ ಹೆಸರಿನ ಕಾಗದ ಕೈಗೆ ಬಂದಾಗ ಫೆಬ್ರುವರಿ ಆಗಿತ್ತು.

ನಿಜವಾದ ಕೆಲಸ ಇದ್ದದ್ದು ಈ ಕಾಯುವ ತಿಂಗಳುಗಳಲ್ಲಿ. ಮಕ್ಕಳು ಮನೆ ಬಿಡುವುದು ಇಂಥ ಹೊತ್ತಿನಲ್ಲೇ.

ಕೂಸನ್ನು ಗ್ರಾಮ ಪಂಚಾಯಿತಿಯ ಕೂಸಿನ ಮನೆಗೆ ಸೇರಿಸಿದೆವು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ ಅಂತಲೇ ಸರ್ಕಾರ ಶುರುಮಾಡಿದ್ದು. ಅದರಿಂದ ದೊಡ್ಡಾಕಿಯ ಕಂಕುಳು ಖಾಲಿಯಾಯಿತು. ಜಾಬ್ ಕಾರ್ಡ್ ಗಂಡನ ಹೆಸರಲ್ಲಿತ್ತು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಮಾತಾಡಿ ಸರಿಮಾಡಿಸಿದೆವು. ಮಂಗಳವಾರ ಬೆಳಗ್ಗೆ ಮನೆಯ ಕಟ್ಟೆ ಮೇಲೆ ನಾನು ಕೂರುತ್ತಿದ್ದೆ, ಇಲ್ಲವಾದರೆ ಆಶಾ ಕಾರ್ಯಕರ್ತೆ ಕೂರುತ್ತಿದ್ದರು. ಜಗಳ ಮಾಡಲಿಲ್ಲ. ವಿಮೆ ಕೇಳಿ ಪತ್ರ ಕೊಟ್ಟಿದ್ದೇವೆ, ಅದರ ಪ್ರತಿ ಇಲ್ಲಿದೆ, ಮರಣ ಪ್ರಮಾಣಪತ್ರ ಬರುವವರೆಗೆ ತಡೆಯಿರಿ ಅಂತ ಅಷ್ಟೇ ಹೇಳಿದೆವು. ಮೂರನೇ ಮಂಗಳವಾರದಿಂದ ದೊಡ್ಡಾಕಿ ಶಾಲೆಗೆ ಹೊರಟಳು.

ಇಷ್ಟರಲ್ಲಿ ಅತ್ತೆಯ ವಿಷಯ ಬಂತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ. ಗೃಹಲಕ್ಷ್ಮಿಯ 2,000 ರೂಪಾಯಿ ಅವರ ಖಾತೆಗೆ ಬರುತ್ತಿತ್ತು. ಪಕ್ಕದ ಮನೆಯಲ್ಲೇ ಇದ್ದರೂ ಮಗ ಸತ್ತ ಮೇಲೆ ಅತ್ತೆ ಸೊಸೆ ಮಾತು ಬಿಟ್ಟಿದ್ದರು. ನನ್ನ ಜೊತೆಗಿನವರು ಕಾರ್ಡ್ ಬೇರೆ ಮಾಡಿಸೋಣ ಅಂದರು. ನನಗೆ ಅದು ಬೇಡ ಅನ್ನಿಸಿತು. ಕಾರ್ಡ್ ಬೇರೆ ಆದರೆ ಮನೆ ಎರಡಾಗುತ್ತದೆ, ಆಗ ಮಕ್ಕಳನ್ನು ನೋಡಿಕೊಳ್ಳಲು ಇರುವ ಒಂದು ಜೀವವೂ ದೂರ ಆಗುತ್ತದೆ. ನಾಲ್ಕು ಸಲ ಹೋಗಿ ಅಜ್ಜಿಯ ಹತ್ತಿರ ಕೂತೆ. ನಾಲ್ಕನೇ ಸಲ ಅಜ್ಜಿ ಮಗನ ಫೋಟೋ ತೆಗೆದು ತೋರಿಸಿ ಅತ್ತರು. "ನನ್ನ ಮಗನ ಮಕ್ಕಳವ್ವ ಅವು. ನಾ ಎಲ್ಲಿಗಿ ಕಳಸ್ಲಿ?" ಅಂದರು. ಆ ವಾರದಿಂದ ಎರಡೂ ಮನೆಗೆ ಒಂದೇ ಒಲೆ.

ಒಂದು ದಿನ ಆ ಅಜ್ಜಿಯೇ ಇನ್ನೊಂದು ಸುದ್ದಿ ಹೇಳಿದರು. ದೊಡ್ಡಾಕಿಯ ಸೋದರಮಾವ ಬಂದು, "ಒಂದು ಹೊಟ್ಟಿ ಕಡಿಮಿ ಆಕ್ಕತಿ, ನಾನ ಮಾಡ್ಕೊತೀನಿ" ಅಂದಿದ್ದನಂತೆ. ಅವನಿಗೆ ಇಪ್ಪತ್ತಾರು. ಅವನು ಕೆಟ್ಟವನಲ್ಲ, ಅಕ್ಕನಿಗೆ ನೆರವಾಗುತ್ತೇನೆ ಅಂತಲೇ ಅಂದುಕೊಂಡಿದ್ದ. ನಮ್ಮ ರಾಜ್ಯದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿಂದಲೇ ಊರ್ಜಿತವಲ್ಲ. ಅದನ್ನೂ ಹೇಳಿದೆ, ಆದರೆ ಕೊನೆಯಲ್ಲಿ. ಪೊಲೀಸು ಅಂತ ಮೊದಲೇ ಹೆದರಿಸಿದರೆ ಮದುವೆ ನಿಲ್ಲುವುದಿಲ್ಲ, ಇನ್ನೊಂದು ತಾಲ್ಲೂಕಿನ ಗುಡಿಯಲ್ಲಿ ನಸುಕಿನಲ್ಲಿ ಆಗಿಹೋಗುತ್ತದೆ. ನಾನು ಎರಡು ಸಲ ಹಾಗೆ ಕಳೆದುಕೊಂಡಿದ್ದೇನೆ. ಅವನಿಗೆ ಕೇಳಿದೆ, ಅಕ್ಕನಿಗೆ ನೆರವು ಮಾಡೋ ಮನಸ್ಸಿದ್ದರೆ ಹುಡುಗನ್ನ ದಿನಾ ಶಾಲೆಗೆ ಬಿಡ್ತೀಯಾ, ತಿಂಗಳಿಗೊಮ್ಮೆ ಕಾಗದದ ಓಡಾಟಕ್ಕೆ ಬರ್ತೀಯಾ ಅಂತ. ಒಪ್ಪಿದ. ಎರಡನೇ ಸಲ ಬೆಂಗಳೂರಿಗೆ ನನ್ನ ಜೊತೆ ಬಂದವನು ಅವನೇ.

ಮರಣ ಪ್ರಮಾಣಪತ್ರ ಬಂದ ಮೇಲೆ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಹಾಕಿದೆವು. ಮಗು ಮನೆಯಲ್ಲೇ ಇದ್ದು ಓದಲಿ ಅಂತ ತಿಂಗಳಿಗೆ 4,000 ರೂಪಾಯಿ ಕೊಡುವ ಯೋಜನೆ ಇದು. ಹಳ್ಳಿಯಲ್ಲಿ ಕುಟುಂಬದ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಇದಕ್ಕೆ ಸಾಮಾಜಿಕ ತನಿಖಾ ವರದಿ ಬರೆಯಬೇಕು. 'ಕುಟುಂಬದ ಆರ್ಥಿಕ ಸ್ಥಿತಿ ದುರ್ಬಲ' ಅಂತ ಬರೆದ ನೂರು ವರದಿ ನಾನು ನೋಡಿದ್ದೇನೆ, ನಾನೂ ಬರೆದಿದ್ದೇನೆ. ಈ ಸಲ ಹಾಜರಿ ಪುಸ್ತಕದ ಮಂಗಳವಾರಗಳನ್ನು ತಾರೀಖು ಸಮೇತ ಬರೆದೆ. ಕಂತಿನ ಲೆಕ್ಕ ಬರೆದೆ. ಸೋದರಮಾವನ ಮಾತು ಬರೆದೆ. ಮಂಜೂರಾಗಿದ್ದು ಜೂನ್‌ನಲ್ಲಿ, ಮೊದಲ ಹಣ ಬಂದಿದ್ದು ಆಗಸ್ಟ್‌ನಲ್ಲಿ. ತಿಂಗಳು ತಿಂಗಳು ಬರುತ್ತದೆ ಅಂತ ಮನೆಯವರಿಗೆ ಹೇಳಬೇಡಿ. ತಡವಾಗುತ್ತದೆ, ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. ಅದನ್ನು ಮೊದಲೇ ಹೇಳಿದರೆ ಹೊಸ ಸಾಲ ಮಾಡುವುದಿಲ್ಲ.

ವಿಮೆಯಿಂದ ಒಂದು ಸಾಲ ತೀರಿತು. ಇನ್ನೊಂದರಲ್ಲಿ ಗಂಡನ ಹೆಸರಿಗೆ ವಿಮೆ ಇರಲಿಲ್ಲ, ಕಂತು ಕಡಿಮೆ ಮಾಡಿಸಿಕೊಂಡೆವು. ವಿಧವಾ ವೇತನ 800 ರೂಪಾಯಿ ಶುರುವಾಯಿತು. ಬೇಸಿಗೆಯಲ್ಲಿ ಆ ತಾಯಿ ಎರಡು ತಿಂಗಳು ಗುಳೆ ಹೋಗಿಯೇ ಹೋದರು, ತಡೆಯಲು ಆಗಲಿಲ್ಲ. ಆದರೆ ಮಕ್ಕಳು ಅಜ್ಜಿಯ ಹತ್ತಿರ ಊರಲ್ಲೇ ಉಳಿದರು. ಹಾಸ್ಟೆಲ್ಲೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಜ್ಜಿಯೂ ಇಲ್ಲದ ಮನೆಗಳಿವೆ. ಅಲ್ಲಿ ನಾನೇ ಫಾರಂ ತುಂಬುತ್ತೇನೆ.

ಇಂಥ ಕೆಲಸ ವರದಿಯಲ್ಲಿ ಕಾಣುವುದಿಲ್ಲ. ಮದುವೆ ನಿಲ್ಲಿಸಿದರೆ ಒಂದು ಅಂಕಿ, ಮಗುವನ್ನು ಬಿಡಿಸಿ ತಂದರೆ ಒಂದು ಅಂಕಿ. ದೊಡ್ಡಾಕಿ ಮಂಗಳವಾರ ಶಾಲೆಗೆ ಹೋದಳು ಅನ್ನುವುದಕ್ಕೆ ಕಾಲಂ ಇಲ್ಲ. ಅವಳು ಈಗ ಎಸ್ಸೆಸ್ಸೆಲ್ಸಿ.

ಮೊನ್ನೆ ಆ ತಾಯಿ ಫೋನ್ ಮಾಡಿದ್ದರು. ಅವರ ಜೊತೆ ಹತ್ತಿ ಬಿಡಿಸಲು ಬರುವ ಒಬ್ಬ ಹೆಣ್ಣುಮಗಳು ತನ್ನ ಮಗನನ್ನು ಆಶ್ರಮಕ್ಕೆ ಹಾಕಬೇಕು ಅಂತ ಅಳುತ್ತಿದ್ದಾಳಂತೆ. "ನೀವು ಬರೂದು ತಡ ಆಗ್ತೈತಂತ ನಾನ ಕೇಳೀನ್ರಿ ಅಕ್ಕಾರ. ರೇಷನ್ ಕಾರ್ಡ್ ಯಾರ ಹತ್ರ ಐತಿ, ಕಂತು ಯಾವತ್ತು ಐತಿ, ಎಲ್ಲಾ ಕೇಳೀನಿ. ಕಾರ್ಡ್ ತವರಮನ್ಯಾಗ ಐತಂತ. ನಾಳಿ ಸಂಜಿಮುಂದ ಬರ್ರಿ, ಆಕಿ ಮನ್ಯಾಗ ಇರ್ತಾಳ."