ಟೋಪಿ ಹಾಕಿಸಿಕೊಳ್ಳದೆ ಹುಲ್ಲಿನ ಟೋಪಿ ಕೊಳ್ಳುವುದು ಹೇಗೆ?

ಕಳೆದ ಬೇಸಿಗೆಯಲ್ಲಿ ಮಲ್ಪೆ ಕಡಲ ದಂಡೆಯಲ್ಲಿ ನನ್ನ ಭಾವ ಕೊಂಡ ಹುಲ್ಲಿನ ಟೋಪಿ ಇಪ್ಪತ್ತು ನಿಮಿಷ ಬಾಳಿತು. ಗಾಳಿ ಬೀಸಿತು, ಟೋಪಿ ಹಾರಿತು, ಭಾವ ಪ್ಯಾಂಟು ಮಡಚಿಕೊಂಡು ಮೊಣಕಾಲುದ್ದದ ನೀರಿಗಿಳಿದು ಅದನ್ನು ಹಿಡಿದು ತಂದರು. ಒಣಗಲೆಂದು ಕಾರಿನ ಬಾನೆಟ್ಟಿನ ಮೇಲಿಟ್ಟರು. ಸಂಜೆಯ ಹೊತ್ತಿಗೆ ಅದು ನೆನೆದು ಮುದುಡಿದ ಹಪ್ಪಳವಾಗಿತ್ತು. ತಪ್ಪು ಗಾಳಿಯದಲ್ಲ. ಟೋಪಿ ಅವರ ತಲೆಗಿಂತ ಎರಡು ಸೆಂಟಿಮೀಟರ್ ದೊಡ್ಡದಿತ್ತು, ಮತ್ತು ಅವರು ಹುಲ್ಲು ಎಂದುಕೊಂಡದ್ದು ಕಾಗದವಾಗಿತ್ತು.

ಸಾವಿರದಿಂದ ಒಂದೂವರೆ ಸಾವಿರ ರೂಪಾಯಿಯೊಳಗೆ ಮೊದಲ ಟೋಪಿ ಕೊಳ್ಳಬೇಕೆಂದಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪ್ರವಾಸಕ್ಕೆ ಹೋದಲ್ಲಿ, ಬಿಸಿಲು ನೆತ್ತಿಗೇರಿದಾಗ ಟೋಪಿ ಕೊಳ್ಳಬೇಡಿ. ಆಗ ಕಣ್ಣಿಗೆ ಕಂಡದ್ದೆಲ್ಲ ಚೆನ್ನಾಗಿಯೇ ಕಾಣುತ್ತದೆ. ಮೊದಲು ಮನೆಯಲ್ಲಿ ಕುಳಿತು ತಲೆ ಅಳೆಯಿರಿ.

1. ತಲೆಯ ಅಳತೆ

ಹೆಚ್ಚಿನವರು ಎಡವುವುದು ಇಲ್ಲಿಯೇ. ದರ್ಜಿಯ ಟೇಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗೋಣಿದಾರ ಸುತ್ತಿ, ಆಮೇಲೆ ಅದನ್ನು ಸ್ಕೇಲಿನ ಮೇಲೆ ಹಿಡಿದು ನೋಡಿ. ಉಣ್ಣೆಯ ದಾರ ಬೇಡ, ಎಳೆದಷ್ಟೂ ಹಿಗ್ಗುತ್ತದೆ. ಹುಬ್ಬಿನಿಂದ ಎರಡು ಬೆರಳು ಮೇಲೆ, ಹಣೆಯ ನಡುವಿನಿಂದ ಶುರುಮಾಡಿ. ಕಿವಿಗೆ ತಾಗದಂತೆ ಅದರ ಮೇಲಿನಿಂದ ಹಾಯಿಸಿ, ತಲೆಯ ಹಿಂಭಾಗ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿ ಸುತ್ತಿ ಮತ್ತೆ ಹಣೆಗೆ ತನ್ನಿ. ಒಬ್ಬರೇ ಅಳೆದುಕೊಂಡರೆ ಟೇಪ್ ಹಿಂದೆ ಕುತ್ತಿಗೆಯ ಕಡೆಗೆ ಜಾರುತ್ತದೆ, ಕನ್ನಡಿಯಲ್ಲಿ ಅದು ಕಾಣುವುದಿಲ್ಲ. ಆದ್ದರಿಂದ ಮನೆಯವರ ಕೈಯಲ್ಲಿ ಅಳೆಸಿ. ಮೂರು ಸಲ ಅಳೆದು, ಬಂದದ್ದರಲ್ಲಿ ದೊಡ್ಡದನ್ನು ಬರೆದಿಟ್ಟುಕೊಳ್ಳಿ. ತುಸು ಸಡಿಲವಿರುವ ಟೋಪಿಯನ್ನು ಬಿಗಿ ಮಾಡಬಹುದು, ಬಿಗಿಯಿರುವುದನ್ನು ಹಿಗ್ಗಿಸಲು ಹೋದರೆ ಹುಲ್ಲು ಸೀಳುತ್ತದೆ.

ಉದ್ದ ಕೂದಲಿನವರು ಟೋಪಿ ಹಾಕುವ ದಿನ ಹೇಗೆ ಬಾಚುತ್ತೀರೋ ಹಾಗೆಯೇ ಬಾಚಿಕೊಂಡು ಅಳೆಯಬೇಕು. ನನ್ನ ಅತ್ತಿಗೆ ಸ್ನಾನ ಮಾಡಿ ಕೂದಲು ಇಳಿಬಿಟ್ಟುಕೊಂಡು ಅಳೆಸಿಕೊಂಡರು, ಲಾಲ್‌ಬಾಗಿಗೆ ತುರುಬು ಕಟ್ಟಿಕೊಂಡು ಬಂದರು. ಟೋಪಿ ಅವರ ತಲೆಯ ಮೇಲೆ ಕೊಡಪಾನದ ಮುಚ್ಚಳದಂತೆ ಅಲ್ಲಾಡುತ್ತಿತ್ತು. ತುರುಬನ್ನು ಕತ್ತಿನವರೆಗೆ ಇಳಿಸಿ ಕಟ್ಟಿ, ಇಲ್ಲವೇ ಜಡೆ ಹಾಕಿ.

ಸೆಂಟಿಮೀಟರಿನಲ್ಲಿ ಬಂದ ಸಂಖ್ಯೆಯೇ ಬಹಳಷ್ಟು ಕಂಪನಿಗಳ ಟೋಪಿಯ ಸೈಜ್. ಒಳಗೆ 7⅛ ಎಂದಿದ್ದರೆ 57, 7¼ ಎಂದಿದ್ದರೆ 58, 7½ ಎಂದಿದ್ದರೆ 60 ಎಂದು ಓದಿಕೊಳ್ಳಿ. ‘ಫ್ರೀ ಸೈಜ್’ ಎಂಬ ಚೀಟಿಯನ್ನು ಮಾತ್ರ ನಂಬಬೇಡಿ. ನಾನು ಟೇಪ್ ಹಿಡಿದು ನೋಡಿದ ಫ್ರೀ ಸೈಜ್ ಟೋಪಿಗಳೆಲ್ಲ 57, 58ರ ಆಸುಪಾಸಿನಲ್ಲೇ ಇದ್ದವು. ನನ್ನ ತಲೆ 60.

ಪುತ್ತೂರಿನ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಈ ತಾಪತ್ರಯವೇ ಇರಲಿಲ್ಲ. ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮೆತ್ತಗಾದ ಮೇಲೆ ಹಾಕುವವನ ತಲೆಗೇ ಇಟ್ಟು ನೋಡಿ ಮಡಿಸಿ ಹೊಲಿದರೆ ಮುಟ್ಟಾಳೆ ಸಿದ್ಧ. ತೋಟದ ಕೆಲಸಕ್ಕೆ ಇವತ್ತಿಗೂ ನಾನು ಅದನ್ನೇ ಹೇಳುತ್ತೇನೆ. ಪೇಟೆಯಲ್ಲಿ ಹಾಕಿಕೊಂಡು ತಿರುಗಲು ಸಂಕೋಚವಿದ್ದವರು ಮಾತ್ರ ಮುಂದೆ ಓದಿ.

2. ಅಂಗಡಿಯಲ್ಲಿ ಹಾಕಿ ನೋಡುವುದು

ಟೋಪಿಯನ್ನು ನೆತ್ತಿಯ ಮುಂಭಾಗದಲ್ಲಿ ಚಿವುಟಿ ಹಿಡಿದು ಎತ್ತಬೇಡಿ. ಹುಲ್ಲು ಮೊದಲು ಸೀಳುವುದು ಆ ಮಡಿಕೆಯಲ್ಲಿಯೇ. ಎರಡೂ ಕೈಗಳಿಂದ ಅಂಚು ಹಿಡಿದು ಹಾಕಿಕೊಳ್ಳಿ. ನೀವು ನೋಡುತ್ತಿರುವ ಟೋಪಿಯನ್ನು ನಿಮಗಿಂತ ಮೊದಲು ಹತ್ತು ಮಂದಿ ಚಿವುಟಿರುತ್ತಾರೆ, ಆದ್ದರಿಂದ ಆ ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ನೋಡಿಕೊಳ್ಳಿ. ಇದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಹಾಕಿಕೊಂಡ ಮೇಲೆ ಒಳಪಟ್ಟಿ ಮತ್ತು ಹಣೆಯ ನಡುವೆ ಒಂದು ಬೆರಳು ತೂರಿಸಿ. ಒಂದು ಸಲೀಸಾಗಿ ಹೋಗಬೇಕು, ಎರಡು ಹೋಗಬಾರದು. ಚಪ್ಪಲಿಯ ಬಾರು ಕಟ್ಟುವವರಂತೆ ಬಗ್ಗಿ, ತಲೆಯನ್ನು ಅತ್ತಿತ್ತ ಆಡಿಸಿ. ಟೋಪಿ ಕದಲಬಾರದು. ಐದು ನಿಮಿಷ ಹಾಗೆಯೇ ಹಾಕಿಕೊಂಡು ಅಂಗಡಿಯಲ್ಲಿ ಓಡಾಡಿ. ಅಂಗಡಿಯವರು ನೋಡಿದರೆ ನೋಡಲಿ. ತೆಗೆದಾಗ ಹಣೆಯ ಮೇಲೆ ಕೆಂಪು ಗೆರೆ ಮೂಡಿದ್ದರೆ ಅರ್ಧ ಗಂಟೆಯಲ್ಲಿ ತಲೆನೋವು ಬರುತ್ತದೆ ಎಂದು ತಿಳಿಯಿರಿ.

ಇನ್ನೊಂದು ತೊಡಕಿದೆ. ಅಳತೆ ಸರಿಯಾಗಿದ್ದೂ ಹಣೆ ಮತ್ತು ಹಿಂಬದಿಯಲ್ಲಿ ಒತ್ತುತ್ತದೆ, ಕಿವಿಗಳ ಮೇಲೆ ಮಾತ್ರ ಸಂದು ಕಾಣುತ್ತದೆ. ಅಂದರೆ ನಿಮ್ಮ ತಲೆ ಉದ್ದ, ಟೋಪಿಯ ಅಚ್ಚು ದುಂಡು. ಇದಕ್ಕೆ ಒಂದು ಸೈಜ್ ದೊಡ್ಡದು ಕೊಳ್ಳುವುದು ಪರಿಹಾರವಲ್ಲ. ನಿಜವಾದ ಹುಲ್ಲಾಗಿದ್ದರೆ ಮನೆಗೆ ತಂದು, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು, ಹಬೆಯಿಂದ ಒಂದು ಗೇಣು ಮೇಲೆ ಟೋಪಿಯ ಒಳಭಾಗವನ್ನು ಹತ್ತು ಹದಿನೈದು ಸೆಕೆಂಡು ಹಿಡಿಯಿರಿ. ಬೆಚ್ಚಗಾದ ಕೂಡಲೇ ಎರಡು ಬದಿಗಳನ್ನು ಅಂಗೈಯಿಂದ ಮೆಲ್ಲಗೆ ಒಳಕ್ಕೆ ಒತ್ತಿ, ಆರುವ ತನಕ ಕೈ ಬಿಡಬೇಡಿ. ಒಮ್ಮೆಗೇ ಆಗುವುದಿಲ್ಲ, ಎರಡು ಮೂರು ಸಲ ಮಾಡಬೇಕು. ಕಾಗದದ ಟೋಪಿಗೆ ಈ ಪ್ರಯೋಗ ಬೇಡ, ಇರುವ ಆಕಾರವೂ ಹೋಗುತ್ತದೆ.

ತುಸು ಸಡಿಲವಿದ್ದರೆ ಹಳೆಯ ಪತ್ರಿಕೆಯ ಹಾಳೆಯನ್ನೇ ಬೆರಳಗಲದ ಪಟ್ಟಿಯಾಗಿ ಮಡಚಿ ಒಳಪಟ್ಟಿಯ ಹಿಂದೆ ಸೇರಿಸಿ. ಅಂಟು ಹಚ್ಚಿದ ಸ್ಪಂಜಿನ ಪಟ್ಟಿಗಳು ಸಿಗುತ್ತವೆ. ನಮ್ಮ ಏಪ್ರಿಲ್ ಬಿಸಿಲಿಗೆ ಆ ಅಂಟು ಕರಗಿ ಕೂದಲಿಗೆ ಹತ್ತಿಕೊಂಡದ್ದನ್ನು ನಾನೇ ಅನುಭವಿಸಿದ್ದೇನೆ.

3. ಹುಲ್ಲೋ, ಕಾಗದವೋ, ಪ್ಲಾಸ್ಟಿಕ್ಕೋ

ಟೋಪಿಯನ್ನು ಮಗುಚಿ ಒಳಗೆ ನೋಡಿ. ನಿಜವಾದ ಹುಲ್ಲು ಅಥವಾ ಗರಿಯಾದರೆ ಎಳೆಯಿಂದ ಎಳೆಗೆ ಬಣ್ಣ ತುಸು ಬೇರೆಯಿರುತ್ತದೆ, ಅಲ್ಲಲ್ಲಿ ಕತ್ತರಿಸಿದ ತುದಿಗಳು ಕಾಣುತ್ತವೆ, ಮೂಸಿದರೆ ಒಣಹುಲ್ಲಿನ ವಾಸನೆ. ಎಲ್ಲ ಎಳೆಗಳೂ ಒಂದೇ ಅಚ್ಚಿನಲ್ಲಿ ಎರೆದಂತೆ ಮಿರುಗುತ್ತಿದ್ದರೆ ಅದು ಪ್ಲಾಸ್ಟಿಕ್. ಬೇಡ, ತಲೆ ಬೇಯುತ್ತದೆ. ಕಾಗದವಾದರೆ ಎಳೆಯ ತುದಿಯನ್ನು ಉಗುರಿನಿಂದ ಬಿಚ್ಚಿದಾಗ ಹೊಸೆದ ದಾರ ಚಪ್ಪಟೆ ಪಟ್ಟಿಯಾಗಿ ಅಗಲುತ್ತದೆ. ಕಾಗದ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹಗುರವಾಗಿರುತ್ತದೆ, ಅಗ್ಗವೂ ಹೌದು, ಒಂದು ಬೇಸಿಗೆಗೆ ಸಾಕು. ಆದರೆ ಕಾಗದದ ಬೆಲೆಗೆ ಕೊಳ್ಳಿ, ಹುಲ್ಲಿನ ಬೆಲೆಗಲ್ಲ. ನಮ್ಮ ಬಜೆಟ್ಟಿಗೆ ಮಡಗಾಸ್ಕರ್‌ನ ತಾಳೆ ಜಾತಿಯ ಮರದ ಗರಿಯಿಂದ ಬರುವ ರಾಫಿಯಾ ಅಥವಾ ಗೋಧಿ ಹುಲ್ಲಿನ ಜಡೆಯನ್ನು ಸುತ್ತಿ ಹೊಲಿದ ಟೋಪಿ ಹುಡುಕಿ. ಹೊಲಿಗೆ ನೆತ್ತಿಯ ನಡುವೆ ಬಿಟ್ಟುಕೊಂಡಿಲ್ಲವೆಂದು ನೋಡಿಕೊಂಡರಾಯಿತು.

‘ಪನಾಮಾ’ ಎಂಬ ಹೆಸರು ಕೇಳಿ ಹಿಗ್ಗಬೇಡಿ. ಅಸಲಿ ಪನಾಮಾ ಟೋಪಿ ಪನಾಮಾದ್ದಲ್ಲ, ಈಕ್ವೆಡಾರಿನದು. ಟೊಕಿಯಾ ಎಂಬ ಗಿಡದ ಎಳೆ ಗರಿಗಳನ್ನು ಸೀಳಿ ಕೈಯಲ್ಲೇ ಹೆಣೆಯುತ್ತಾರೆ. ಈ ಹೆಣಿಗೆಯನ್ನು ಯುನೆಸ್ಕೊ 2012ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟು ಕೆಲಸದ ಟೋಪಿ ನಮ್ಮ ಸಾವಿರ ರೂಪಾಯಿಗೆ ಬರುವುದಿಲ್ಲ. ಬಂದರೆ ಪನಾಮಾ ಆಗಿರುವುದು ಆಕಾರ ಮಾತ್ರ.

ಕೊನೆಯದಾಗಿ ಅಂಗಡಿಯ ಹೊರಗೆ ಬಂದು, ಬಿಸಿಲಿನಲ್ಲಿ ಟೋಪಿಯನ್ನು ಅಂಗೈಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿಯಿರಿ. ಅಂಗೈಯಲ್ಲಿ ತುಂಬು ನೆರಳು ಬಿದ್ದರೆ ಸರಿ. ಜರಡಿ ಹಿಡಿದಂತೆ ಬೆಳಕಿನ ಚುಕ್ಕೆಗಳು ಚೆಲ್ಲಿದರೆ ಅವೇ ಚುಕ್ಕೆಗಳು ನಿಮ್ಮ ಮುಖದ ಮೇಲೂ ಬೀಳುತ್ತವೆ.

4. ಅಂಚು

ನಾಲ್ಕು ಬೆರಳು ಜೋಡಿಸಿದಷ್ಟು ಅಗಲ ಬೇಕು. ಬಿಸಿಲಿನ ವಿಷಯದಲ್ಲಿ ಪಳಗಿದ ಆಸ್ಟ್ರೇಲಿಯಾದವರು ದೊಡ್ಡವರಿಗೆ ಕನಿಷ್ಠ 7.5 ಸೆಂಟಿಮೀಟರ್ ಎನ್ನುತ್ತಾರೆ. ಎರಡು ಬೆರಳಗಲದ ಅಂಚಿನ ಸಿನಿಮಾ ಶೈಲಿಯ ಟೋಪಿ ಮೂಗಿಗೂ ನೆರಳು ಕೊಡುವುದಿಲ್ಲ, ಕಿವಿಯ ಮಾತಂತೂ ಬಿಡಿ. ಕಡಲ ಕಡೆ ಹೋಗುವವರು ಗದ್ದದ ದಾರವಿರುವುದನ್ನೇ ಕೊಳ್ಳಿ.

5. ಮನೆಗೆ ತಂದ ಮೇಲೆ

ಮೇಜಿನ ಮೇಲೆ ಇಡುವಾಗ ಮಗುಚಿ ಇಡಿ, ಇಲ್ಲದಿದ್ದರೆ ಅಂಚು ಸೊಟ್ಟಗಾಗುತ್ತದೆ. ಕಾರಿನ ಹಿಂಗಾಜಿನ ಕೆಳಗೆ ಬಿಡಬೇಡಿ, ಒಣಗಿ ಪುಡಿಯಾಗುತ್ತದೆ. ಟೋಪಿ ಹಾಕುವ ದಿನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಒಳಪಟ್ಟಿ ದಾಟಿ ಹುಲ್ಲಿಗೆ ಇಳಿದ ಎಣ್ಣೆಯ ಕಲೆ ಯಾವ ಸೋಪಿಗೂ ಹೋಗುವುದಿಲ್ಲ, ಧೂಳನ್ನೂ ಕರೆದು ಕೂರಿಸುತ್ತದೆ. ಜೂನ್ ಬಂದ ಮೇಲೆ ಕರಾವಳಿ, ಮಲೆನಾಡಿನವರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ. ಹಳೆಯ ಹತ್ತಿ ಬಟ್ಟೆ ಹೊದಿಸಿ, ಅಡುಗೆಮನೆಯ ಅಟ್ಟದ ಮೇಲೆ ಒಗ್ಗರಣೆಯ ಹೊಗೆ ತಾಗದ ಮೂಲೆಯಲ್ಲಿ ಮಗುಚಿಡಿ. ಬಿಸಿಲು ಕಾಣಿಸಿಕೊಂಡ ದಿನ ಒಂದು ಗಂಟೆ ನೆರಳಿನಲ್ಲಿ ಗಾಳಿಗೆ ಹಿಡಿದು ಮತ್ತೆ ಅಲ್ಲಿಯೇ ಇಡಿ.